ಹೆಗಲಿನಿಂದ ಜಾರಿದ ಹೊಲಿಗೆ

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಬಾಬಿನ್ ಮರಿಗೆ,

ಹೇಗಿದ್ದೀಯ ಮಗಳೇ? ಊಟ, ನಿದ್ದೆ ಸರಿಯಾಗಿದೆಯಾ? ಫೋನಿನಲ್ಲಿ ಇದನ್ನು ಕೇಳಿದರೆ ನನ್ನ ಮಾತು ಮುಗಿಯುವ ಮೊದಲೇ "ಚೆನ್ನಾಗಿದ್ದೀನಪ್ಪ, ನೀವು ಹೇಗಿದ್ದೀರ" ಅಂದುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಇಷ್ಟು ದೊಡ್ಡವಳನ್ನು ಇನ್ನೂ ಬಾಬಿನ್ ಅನ್ನುತ್ತಾರಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಮೂರು ವರ್ಷದವಳಿದ್ದಾಗ ನನ್ನ ಬಾಬಿನ್‌ಗಳನ್ನೆಲ್ಲ ಅಂಗಡಿ ತುಂಬ ಉರುಳಿಸಿ, ನೂಲು ಬಿಚ್ಚಿ, ಅದರೊಳಗೆ ಸುತ್ತಿಕೊಂಡು ಕೂತವಳು ನೀನೇ ತಾನೆ.

ಇಲ್ಲಿ ನಾವು ಕ್ಷೇಮ. ನಿನ್ನ ಅಮ್ಮನಿಗೆ ಮಂಡಿನೋವು ಕಡಿಮೆಯಾಗಿದೆ, ಫೋನಿನ ಹುಚ್ಚು ಜಾಸ್ತಿಯಾಗಿದೆ. ನೀನು ಫೋಟೋ ಹಾಕಿದ ಕೂಡಲೇ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವುದನ್ನು ಅಲ್ಲೇ ಬಿಟ್ಟು, ಅಳತೆ ಕೊಡಲು ಬಂದವರಿಗೆಲ್ಲ ತೋರಿಸುತ್ತಿದ್ದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಮೇಷ್ಟ್ರು ನಿನ್ನ ನಗು ನೋಡಿ, ಎಷ್ಟು ಆರಾಮವಾಗಿದ್ದಾಳೆ ಎಂದು ಹೊಗಳಿದ್ದೇ ಹೊಗಳಿದ್ದು. ಇವಳೂ ಏನು ಕಡಿಮೆಯವಳಲ್ಲ. ಹೋದ ತಿಂಗಳು ನಮ್ಮ ಅಂಗಡಿಯ ಫೋಟೋ ಹಾಕಿ 'ಬಿಡುವಿಲ್ಲದ ಕೆಲಸ' ಎಂದು ಬರೆದಳಲ್ಲ, ನೀನೂ ಹೃದಯ ಒತ್ತಿದೆಯಲ್ಲ, ಅದರಲ್ಲಿ ನನ್ನ ಪಕ್ಕ ಬೆಟ್ಟದಷ್ಟು ಕಾಣುವ ಬಟ್ಟೆ ನಮ್ಮ ಮನೆಯ ಕಿಟಕಿ ಪರದೆಗಳು. ಫೋಟೋಕ್ಕೆಂದು ಬಿಚ್ಚಿ ತಂದಿದ್ದಳು. ಎರಡು ದಿನ ನಾವು ಉಣ್ಣುವುದು, ಜಗಳವಾಡುವುದು ಎಲ್ಲ ಎದುರು ಮನೆಯವರಿಗೆ ಕಾಣುತ್ತಿತ್ತು.

ನಾನು ಮಾತ್ರ ನಿನ್ನ ನಗು ನೋಡಲಿಲ್ಲ ಕಣಮ್ಮ. ದರ್ಜಿಯ ಕಣ್ಣು ಮೊದಲು ಹೋಗುವುದು ಹೊಲಿಗೆಗೆ. ನೀನು ಲೈಬ್ರರಿ ಕೆಲಸಕ್ಕೆ ಹೊರಟಾಗ ಹೊಲಿದುಕೊಟ್ಟ ಹಸಿರು ಕೋಟಿನ ಹೆಗಲ ಹೊಲಿಗೆ ಸರಿಯಾಗಿ ನಿನ್ನ ಹೆಗಲ ಮೂಳೆಯ ಮೇಲೆ ಕೂರುತ್ತಿತ್ತು. ಹೊಸದರಲ್ಲಿ ತೆಗೆದ ಫೋಟೋದಲ್ಲಿ ಹಾಗೇ ಇದೆ. ಈಗ ಅದು ಎರಡು ಬೆರಳು ಕೆಳಗೆ, ತೋಳಿನ ಮೇಲೆ ಜಾರಿದೆ. ಉಣ್ಣೆ ಬಟ್ಟೆ ಒಗೆದರೆ ಕುಗ್ಗೀತೇ ಹೊರತು ಹಿಗ್ಗುವುದಿಲ್ಲ. ನೀನೇ ಇಳಿದುಹೋಗಿದ್ದೀಯ. ಮುಖಕ್ಕೆ ಅದೇನೋ ಬೆಳಕು ಬೀಳುವ ಹಾಗೆ ತೆಗೆದಿರುವುದರಿಂದ ಬೇರೆಯವರಿಗೆ ಗೊತ್ತಾಗಿಲ್ಲ.

ಇನ್ನೊಂದನ್ನೂ ನೋಡಿದೆ. ಹಿಂದಿನ ಮೂರು ಭಾನುವಾರ ಹಾಕಿದ ಫೋಟೋಗಳಲ್ಲಿ ಸ್ಕಾರ್ಫ್ ಬೇರೆ ಬೇರೆ, ಹಿಂದಿನ ಗೋಡೆ ಬೇರೆ ಬೇರೆ. ಆದರೆ ಮೂರರಲ್ಲೂ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿದೆ, ಎಡ ಮೊಣಕೈಯ ಸುಕ್ಕುಗಳೂ ಅವೇ. ಒಂದು ಎಳೆಯ ಗುಂಡಿ ಮೂರು ವಾರ ನಿಲ್ಲುವುದಿಲ್ಲ. ಅವೆಲ್ಲ ಒಂದೇ ದಿನ ತೆಗೆದದ್ದು. ಹಾಗಾದರೆ ಉಳಿದ ದಿನಗಳಲ್ಲಿ ನೀನು ಹೊರಗೆ ಹೋಗಿದ್ದೆಯಾ? ನಿನ್ನನ್ನು ಯಾರಾದರೂ ಕಂಡರಾ? ಅಮ್ಮನಿಗೆ ಹೇಳಿದರೆ "ನಿಮಗೆ ಎಲ್ಲದರಲ್ಲೂ ಐಬೇ ಕಾಣೋದು" ಎಂದು ರೇಗಿದಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅವತ್ತಿನಿಂದ ಯಾರಿಗೂ ತೋರಿಸಿಲ್ಲ.

ಏನಾಗಿದೆ ಎಂದು ನನಗೆ ತಿಳಿಯದು. ಕೆಲಸದ್ದೋ, ಮೈಯದ್ದೋ, ಮನಸ್ಸಿನದ್ದೋ. ನನಗೆ ಹೆದರಿಕೆಯಾಗಿದೆ, ಅಷ್ಟು ಗೊತ್ತು.

ನನ್ನ ಹುಟ್ಟುಹಬ್ಬಕ್ಕೆ ನನ್ನ ಫೋಟೋ ಹಾಕಿ, 'ನಮ್ಮಪ್ಪ ಯಾವತ್ತೂ ಕಣ್ಣೀರು ಹಾಕಿದವರಲ್ಲ' ಎಂದು ಬರೆದಿದ್ದೆ. ಮುನ್ನೂರು ಜನ ಮೆಚ್ಚಿದರಂತೆ. ನಾನೂ ನಾಚಿಕೆಯಿಲ್ಲದೆ ಎದೆಯುಬ್ಬಿಸಿಕೊಂಡು ಓಡಾಡಿದೆ. ಅದು ಸುಳ್ಳು ಮಗಳೇ. ನೀನು ಏಳನೆಯ ಕ್ಲಾಸಿನಲ್ಲಿದ್ದಾಗ ಅಂಗಡಿ ಮುಚ್ಚಿ ಕಾರ್ಖಾನೆಗೆ ಹೋಗುತ್ತಿದ್ದೆನಲ್ಲ, ದಿನವಿಡೀ ಬರೀ ಕಾಲರ್ ಹೊಲಿಯುವ ಕೆಲಸ. ಒಂದು ಪೂರ್ತಿ ಅಂಗಿ ಹೊಲಿದ ಸುಖ ವರ್ಷವಿಡೀ ಇರಲಿಲ್ಲ. ಮನೆಗೆ ಬಂದವನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಕಣ್ಣು ಯಾಕೆ ಕೆಂಪಗಿದೆ ಎಂದು ನೀನು ಕೇಳಿದರೆ ಸೋಪು ಹೋಯಿತು ಎನ್ನುತ್ತಿದ್ದೆ. ನೀನು ನಂಬಿ, ತುದಿಗಾಲಲ್ಲಿ ನಿಂತು ನನ್ನ ಕಣ್ಣಿಗೆ ಊದುತ್ತಿದ್ದೆ. ಬಚ್ಚಿಡುವ ವಿದ್ಯೆ ನಿನಗೆ ನನ್ನಿಂದಲೇ ಬಂದದ್ದು. ಅಪ್ಪ ಗಟ್ಟಿ ಮನುಷ್ಯ, ಅವರ ಮುಂದೆ ಅಳಬಾರದು ಎಂದುಕೊಂಡಿದ್ದರೆ, ಆ ಅಪ್ಪ ಫೋಟೋದಲ್ಲಿರುವವನು. ಇಲ್ಲಿ ಮೆಷಿನ್ ಮುಂದೆ ಕೂತಿರುವವನು ಗಿರಾಕಿಗಳಿಗೆ ಕಾಣದ ಹಾಗೆ ಕಣ್ಣು ಒರೆಸಿಕೊಂಡು ಬರೆಯುತ್ತಿದ್ದಾನೆ. ಅವನಿಗೆ ನೀನೆಂದರೆ ಪ್ರಾಣ. ನೀನು ಸೋತು ಬಂದರೂ ಅಷ್ಟೇ ಪ್ರಾಣ.

ಅಮ್ಮ ಅಂಚೆಗೆ ಹೊರಟು ನಿಂತಿದ್ದಾಳೆ, ಬೇಗ ಮುಗಿಸಿ ಎಂದು ಗೊಣಗುತ್ತಿದ್ದಾಳೆ. ಹೊತ್ತುಹೊತ್ತಿಗೆ ಏನಾದರೂ ತಿನ್ನು. ನಮ್ಮಿಬ್ಬರ ತುಂಬು ಆಶೀರ್ವಾದ ನಿನಗೆ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಶನಿವಾರ ಬೆಳಗಿನ ರೈಲಿಗೆ ನಾವಿಬ್ಬರೂ ಹೊರಟಿದ್ದೇವೆ. ಬೇಡ ಎನ್ನಲು ಫೋನ್ ಮಾಡಬೇಡ, ಎತ್ತುವುದಿಲ್ಲ. ಮನೆ ಗುಡಿಸಬೇಡ, ತಲೆ ಬಾಚಬೇಡ, ನಮಗಾಗಿ ನಗಲೂ ಬೇಡ. ಎದ್ದು ಬಂದು ಬಾಗಿಲು ತೆಗೆ, ಅಷ್ಟು ಸಾಕು.