ಕರಂಗಾನ ಬಲಗಣ್ಣು

ಲ್ಯಾವಿಂಗ್ಟನ್, ನೈರೋಬಿ
14 ಮಾರ್ಚ್ 1993, ಭಾನುವಾರ

ಡಾಕ್ಟರ್ ವಾಮನರಾಯರಿಗೆ ಜಯಲಕ್ಷ್ಮಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಒಬ್ಬರಿಗೆ ಕ್ಷೇಮವಿಲ್ಲ, ಅದು ನಿಮಗೂ ಗೊತ್ತು. ಗೊತ್ತಿದ್ದೇ ಕುದುರೆ ಲಾಯ ನಡೆಸುವ ಹೆಲನ್‌ಗೆ ಮೂರು ಸಾಲಿನ ಪತ್ರ ಬರೆದಿರಿ. ಕುದುರೆಗೆ ಇಪ್ಪತ್ತೈದು ವರ್ಷವಾಗಿದೆ, ಕಣ್ಣಿನ ಕ್ಯಾನ್ಸರಿಗೆ ಚಿಕಿತ್ಸೆ ಮಾಡಿಸುವ ವಯಸ್ಸಲ್ಲ, ನೋವಾಗದಂತೆ ಮುಗಿಸಿಬಿಡಿ. ಕೆಳಗೆ ಮಾಲೀಕರೆಂದು ನಿಮ್ಮ ಸಹಿ. ಹೆಲನ್ ಪಾಪ, ಕರೆನ್ ಬಡಾವಣೆಯ ಲಾಯದ ಬಾಗಿಲಲ್ಲೇ ನಿಂತು ಅದನ್ನು ನನಗೆ ಓದಲು ಕೊಟ್ಟರು. ಹತ್ತೊಂಬತ್ತು ವರ್ಷದಿಂದ ಪ್ರತಿ ಭಾನುವಾರ ಆ ಲಾಯಕ್ಕೆ ಹೋಗುತ್ತಿರುವವಳು ನಾನು, ಪತ್ರ ಬಂದದ್ದು ಅವರಿಗೆ.

ನನಗೂ ಅದೇ ಅಂಚೆಯಲ್ಲಿ ಒಂದು ಕಾಗದ ಬಂತು. ಅದರಲ್ಲಿ ಕುದುರೆಯ ಸುದ್ದಿ ಒಂದು ಸಾಲು, ಉಳಿದದ್ದೆಲ್ಲ ನಾನು ಮೈಸೂರಿಗೆ ಬರುವ ಸುದ್ದಿ. ಮೇ ತಿಂಗಳಿಗೆ ಟಿಕೆಟ್ ತೆಗೆಸಲು ಟ್ರಾವೆಲ್ ಏಜೆಂಟ್ ಥಾಮಸ್‌ಗೆ ಬರೆದಿದ್ದೀರಂತೆ. ಸರಸ್ವತಿಪುರದ ಮನೆಗೆ ಹೊಸ ಗ್ಯಾಸ್ ಒಲೆ ತಂದಿದ್ದೀರಂತೆ. ಮೊನ್ನೆ ಥಾಮಸ್‌ನ ಆಫೀಸಿಗೆ ಹೋಗಿ ಟಿಕೆಟ್ ಬೇಡವೆಂದು ಹೇಳಿ ಬಂದೆ. ಗ್ಯಾಸ್ ಒಲೆಯ ಮೇಲೆ ಹಾಲು ಕಾಯಿಸುವುದನ್ನು ನೀವೇ ಕಲಿತುಕೊಳ್ಳಿ, ಅಂಥ ಕಷ್ಟವೇನಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾಡಿದ್ದು ಮಂಗಳವಾರ ಬೆಳಿಗ್ಗೆ ಕರಂಗಾನ ಬಲಗಣ್ಣು ತೆಗೆಸುತ್ತಿದ್ದೇನೆ. ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ.

ಡಿಸೆಂಬರಿನಲ್ಲಿ ಆ ಕಣ್ಣಿನಿಂದ ನೀರು ಸುರಿಯುತ್ತಿತ್ತು, ನೊಣ ಮುತ್ತುತ್ತಿದ್ದವು. ಕುದುರೆ ನೋಡಿಕೊಳ್ಳುವ ಪೀಟರ್ ದಿನಾ ಉಪ್ಪುನೀರಿನಲ್ಲಿ ತೊಳೆಯುತ್ತಿದ್ದ. ಡಾಕ್ಟರಿಗೆ ತೋರಿಸೋಣ ಅಮ್ಮಾ ಎಂದು ಅವನು ಎರಡು ಸಲ ಹೇಳಿದ. ಮಳೆಯಿಲ್ಲ, ಧೂಳು ಎದ್ದಿದೆ, ಅದಕ್ಕೇ ಎಂದು ನಾನು ಸುಮ್ಮನಾದೆ. ಇಪ್ಪತ್ತೇಳು ವರ್ಷ ಕಣ್ಣಿನ ಡಾಕ್ಟರ ಜೊತೆ ಸಂಸಾರ ಮಾಡಿದವಳು ಹಾಗೆ ಸುಮ್ಮನಾಗಬಾರದಿತ್ತು. ಜನವರಿ ಕೊನೆಯ ಹೊತ್ತಿಗೆ ಕಣ್ಣಿನ ಒಳಮೂಲೆಯಲ್ಲಿ ಹಸಿ ಮಾಂಸದಂಥ ಗಡ್ಡೆ ಕಾಣಿಸಿತು. ಪಶುವೈದ್ಯ ಡಾಕ್ಟರ್ ಜೋಸೆಫ್ ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರು, ಕ್ಯಾನ್ಸರ್ ಎಂದು ಬಂತು. ಮೊದಲೇ ತೋರಿಸಿದ್ದರೆ ಗಡ್ಡೆಯನ್ನಷ್ಟೇ ತೆಗೆದು ಕಣ್ಣು ಉಳಿಸಬಹುದಿತ್ತಂತೆ. ಉಗುರಿನಲ್ಲಿ ಹೋಗುತ್ತಿದ್ದುದಕ್ಕೆ ಈಗ ಕೊಡಲಿ ಬೇಕಾಗಿದೆ. ತಪ್ಪು ನನ್ನದೇ, ಬಚ್ಚಿಡುವುದಿಲ್ಲ.

ಬಿಳಿ ಮುಖದ ಕುದುರೆಗಳಿಗೆ ಇದು ಬಿಸಿಲಿನಿಂದ ಬರುವ ಕಾಯಿಲೆಯಂತೆ. ಕರಂಗಾನ ಮೈ ಕಡಲೆಕಾಯಿ ಬೀಜದ ಕೆಂಪು, ಅದಕ್ಕೇ ಪೀಟರ್ ಸ್ವಾಹಿಲಿಯಲ್ಲಿ ಕಡಲೆಕಾಯಿ ಎಂದೇ ಹೆಸರಿಟ್ಟದ್ದು. ಆದರೆ ಮುಖ ಬಿಳಿ, ಕಣ್ಣಿನ ಸುತ್ತ ಚರ್ಮ ನಸುಗೆಂಪು, ಬಣ್ಣವೇ ಇಲ್ಲ. ಡಾಕ್ಟರ್ ಜೋಸೆಫ್ ಎಲ್ಲವನ್ನೂ ಬಿಡಿಸಿ ಹೇಳಿದರು. ಪೂರ್ತಿ ಕಣ್ಣು ತೆಗೆದು ರೆಪ್ಪೆ ಹೊಲಿದರೆ ಹತ್ತರಲ್ಲಿ ಆರು ಕುದುರೆ ಉಳಿಯುತ್ತವೆ. ಮುದಿ ಕುದುರೆ ಅರಿವಳಿಕೆಯಿಂದ ಏಳುವಾಗ ಎಡವಿ ಕಾಲು ಮುರಿದುಕೊಂಡರೂ ಮುರಿದುಕೊಂಡೀತು. ಗಡ್ಡೆ ಹಿಂದಿನ ಮೂಳೆಗೆ ಇಳಿದಿದೆಯೋ ಇಲ್ಲವೋ ಎನ್ನುವುದು ತೆರೆದು ನೋಡಿದ ಮೇಲೇ ಗೊತ್ತಾಗುವುದು. ಇಷ್ಟನ್ನೂ ಕೇಳಿಸಿಕೊಂಡ ಮೇಲೇ ನಾನು ಹೂಂ ಎಂದದ್ದು. ಹೆಂಗಸು, ಕರುಳಿನ ಮಾತು ಕೇಳಿ ಕುಣಿದಳು ಎಂದುಕೊಳ್ಳಬೇಡಿ. ನಾನು ಗಣಿತದ ಮೇಷ್ಟ್ರು, ಹತ್ತರಲ್ಲಿ ಆರು ಎಂದರೆ ಎಷ್ಟು ಎಂದು ನನಗೆ ಗೊತ್ತು.

ವಯಸ್ಸಾಯಿತು ಎಂಬ ಮಾತನ್ನು ನಿಮ್ಮ ಕೈಬರಹದಲ್ಲಿ ಓದಿ ನನಗೆ ಆಶ್ಚರ್ಯವಾಯಿತು. ಮಚಾಕೋಸ್‌ನ ಕಣ್ಣಿನ ಕ್ಯಾಂಪು ನೆನಪಿದೆಯೇ? ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಬಂದಿದ್ದಳು, ಎಡಗಣ್ಣಿನಲ್ಲಿ ಇಂಥದೇ ಗಡ್ಡೆ. ಕರೆಂಟು ಹೋಗಿತ್ತು, ನಾನು ಟಾರ್ಚು ಹಿಡಿದು ನಿಂತಿದ್ದೆ. ಅವಳ ಇಬ್ಬರು ಗಂಡುಮಕ್ಕಳು, ಅಮ್ಮನಿಗೆ ವಯಸ್ಸಾಯಿತು ಡಾಕ್ಟರ್, ಸುಮ್ಮನೆ ಯಾಕೆ ಕೊಯ್ಯುತ್ತೀರಿ ಎಂದರು. ನೀವು ಅವರ ಮೇಲೆ ಹರಿಹಾಯ್ದಿರಿ. ಎಪ್ಪತ್ತು ಎಂದರೆ ಸತ್ತ ಲೆಕ್ಕವೇ, ಒಂದು ಕಣ್ಣು ಹೋದರೆ ಇನ್ನೊಂದಿಲ್ಲವೇ ಎಂದು ಕೇಳಿದಿರಿ. ಮರುವರ್ಷ ಅವಳು ಒಂದು ಕಣ್ಣಿನಲ್ಲೇ ಹೆಣೆದ ಬುಟ್ಟಿಯನ್ನು ಹೊತ್ತು ತಂದು ಕೊಟ್ಟಳು. ಆ ದಿನ ನೀವು ನನಗೆ ಬಹಳ ಇಷ್ಟವಾಗಿದ್ದಿರಿ. ಎಂದೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ಆ ಡಾಕ್ಟರೇ ಈ ಮೂರು ಸಾಲು ಬರೆದದ್ದು ಎಂದರೆ ನಂಬಲು ಕಷ್ಟವಾಗುತ್ತದೆ.

ಮಕ್ಕಳಿಲ್ಲದವಳು, ಕುದುರೆಯನ್ನೇ ಮಗು ಎಂದುಕೊಂಡಿದ್ದಾಳೆ ಎಂದು ನಿಮ್ಮ ತಂಗಿ ಅಂದಳಂತೆ. ಅವಳಿಗೆ ಹೇಳಿ, ಕುದುರೆ ಕುದುರೆಯೇ. ಮಗುವನ್ನು ಹತ್ತಿ ಯಾರೂ ಸವಾರಿ ಮಾಡುವುದಿಲ್ಲ. ನಲವತ್ತನೆಯ ವಯಸ್ಸಿನಲ್ಲಿ ನಾನು ಪೀಟರ್‌ನಿಂದ ಸವಾರಿ ಕಲಿತಾಗ ಇಲ್ಲಿನ ನಮ್ಮ ಕನ್ನಡದ ಹೆಂಗಸರು ಎಷ್ಟು ನಕ್ಕರು. ಕುದುರೆ ಕಂಡರೆ ಕಾಲುನೋವು ಅಂತಾರೆ, ಜಯಕ್ಕನಿಗೆ ಕುದುರೆ ಕಂಡರೆ ಕಾಲುನೋವು ವಾಸಿ ಎಂದು ಆಡಿಕೊಂಡರು. ನಿಜವೇ, ವಾಸಿಯಾಗುತ್ತಿತ್ತು.

ಮಾಲೀಕರ ವಿಷಯವನ್ನೂ ಹೇಳಿಬಿಡುತ್ತೇನೆ. ಲಾಯದ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿತ್ತು, ಆದ್ದರಿಂದ ನಿಮ್ಮ ಸಹಿಯಿಲ್ಲದೆ ಡಾಕ್ಟರ್ ಜೋಸೆಫ್ ಕತ್ತಿ ಹಿಡಿಯುವಂತಿರಲಿಲ್ಲ. ಹೆಲನ್ ನಿಮಗೆ ಬರೆದು, ನಿಮ್ಮ ಉತ್ತರ ಬರುವ ತನಕ ಐದು ವಾರ ಕಾದೆವು. ನಾನು ಗಲಾಟೆ ಮಾಡಲಿಲ್ಲ. ನೀವು ಕಣ್ಣಿನ ಡಾಕ್ಟರು, ಬೇಡ ಎನ್ನಲಾರಿರಿ ಎಂದು ನಂಬಿಕೊಂಡಿದ್ದೆ.

ಆದರೆ ನಿಮ್ಮ ಹೆಸರು ಅಲ್ಲಿಗೆ ಹೇಗೆ ಬಂತು? ಮುದುಕ ನಿಕೋಲಸ್ ಇಂಗ್ಲೆಂಡಿಗೆ ಹೊರಟಾಗ, ಕಣ್ಣಿನ ಪೊರೆ ತೆಗೆದ ಡಾಕ್ಟರೆಂದು ನಮ್ಮನ್ನು ಚಹಕ್ಕೆ ಕರೆದಿದ್ದರು. ಕುದುರೆ ಒದೆಯುತ್ತದೆ ಎಂದು ನೀವು ಜಗಲಿಯಿಂದ ಕೆಳಗಿಳಿಯಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅದರ ಮೂಗು ಸವರಿದೆ. ಮರುದಿನ ಅವರ ಕಾಗದ ಬಂತು, ಈ ಕುದುರೆ ಶ್ರೀಮತಿ ರಾವ್ ಅವರಿಗೆ, ಅವರು ಇದಕ್ಕೆ ಹೆದರುವುದಿಲ್ಲ ಎಂದು. ಕುದುರೆ ಬಂದದ್ದು ನನಗೆ. ಲಾಯದಲ್ಲಿ ಯಾರ ಹೆಸರಿಗೆ ಬರೆದುಕೊಳ್ಳಲಿ ಎಂದು ಕೇಳಿದಾಗ ನನ್ನ ಹೆಸರು ಹೇಳಲು ನಾಚಿಕೆಯಾಯಿತು. ಗಂಡ ಇರುವಾಗ ಹೆಂಡತಿಯ ಹೆಸರಿಗೆ ಕುದುರೆ ಎಂದರೆ ಏನಂದಾರು? ನಿಮ್ಮ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲ, ನಮ್ಮ ಮನೆಯಲ್ಲಿ ಬೆಳೆದ ಅಭ್ಯಾಸ. ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನೇ ಅವರು ರಿಜಿಸ್ಟರಿಗೆ ಏರಿಸಿಕೊಂಡರು.

ನಿಮ್ಮ ಮೂರು ಸಾಲು ಓದಿದ ದಿನ ಮನೆಗೆ ಬಂದು ಪೆಟ್ಟಿಗೆಯನ್ನೆಲ್ಲ ಹುಡುಕಿ ನಿಕೋಲಸ್‌ರ ಆ ಕಾಗದವನ್ನು ತೆಗೆದೆ. ಮರುದಿನವೇ ಹೆಲನ್ ಎದುರಿಗೆ ಹಿಡಿದೆ. ಅವರು ಎರಡು ಸಲ ಓದಿ, ಪೆನ್ನು ತೆಗೆದು, ಯಾರ ಹೆಸರು ಹೊಡೆಯಬೇಕು, ಯಾರ ಹೆಸರು ಬರೆಯಬೇಕು ಎಂದು ಕೇಳಿದರು. ಈ ಸಲ ಚೀಟಿ ಕೊಡಲಿಲ್ಲ. ವಾಮನರಾವ್ ಎಂಬ ಹೆಸರು ಹೊಡೆಯಿರಿ, ಜಯಲಕ್ಷ್ಮಿ ಎಂದು ಬರೆಯಿರಿ ಎಂದು ಬಾಯಿ ತೆರೆದು ಹೇಳಿದೆ. ಆಕಾಶ ಕಳಚಿ ಬೀಳಲಿಲ್ಲ. ಕಳೆದ ಬುಧವಾರ ಮಧ್ಯಾಹ್ನ ನಿಮಗೆ ಬಿಕ್ಕಳಿಕೆ ಬಂದಿದ್ದರೆ ಕಾರಣ ಇದು.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಲ್ಲರ ಪರವಾಗಿ ನೀವೇ ತೀರ್ಮಾನ ಮಾಡಿಬಿಡುತ್ತೀರಿ, ಅದೂ ಒಳ್ಳೆಯದಕ್ಕೇ. ಐದು ವರ್ಷದ ಕೆಳಗೆ ನಿಮಗೆ ನಿವೃತ್ತಿಯಾದಾಗ ನನ್ನ ರಾಜೀನಾಮೆ ಪತ್ರವನ್ನೂ ನೀವೇ ಟೈಪು ಮಾಡಿಸಿ ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಕಳಿಸಿದ್ದಿರಿ. ಅವರು ನನ್ನನ್ನು ಕರೆದು ವಿಷಾದ ಹೇಳಿದಾಗಲೇ ನನಗೆ ಗೊತ್ತಾದದ್ದು. ಆ ಕಾಗದವನ್ನು ವಾಪಸು ತೆಗೆದುಕೊಂಡು ಬಂದು, ಕರಂಗಾ ಇರುವ ತನಕ ನಾನು ಹೇಗೆ ಬರಲಿ ಎಂದು ನಿಮ್ಮನ್ನು ಕೇಳಿದೆ. ನೀವು ಒಬ್ಬರೇ ಹೊರಟಿರಿ. ಆಮೇಲೆ ಪ್ರತಿ ಯುಗಾದಿಯ ಪತ್ರದಲ್ಲೂ ಕುದುರೆಯ ಆರೋಗ್ಯ ವಿಚಾರಿಸುತ್ತಿದ್ದಿರಿ. ಮೊದಲ ವರ್ಷ ಅದು ಅಕ್ಕರೆ ಎನಿಸಿತ್ತು.

ಕುದುರೆ ಬರೀ ನೆಪ ಎಂದು ಈ ಸಲ ಬರೆದಿದ್ದೀರಿ. ನೆಪವಲ್ಲ. ನೀವು ಹೋದ ಮೊದಲ ವರ್ಷ ತುಂಬಿ ತುಳುಕುವ ಮಟಾಟು ವ್ಯಾನಿನಲ್ಲಿ ನಿಂತುಕೊಂಡು, ಎರಡು ಕಡೆ ಬದಲಾಯಿಸಿ ಕರೆನ್‌ಗೆ ಹೋಗುತ್ತಿದ್ದೆ. ಆಮೇಲೆ ಕಾರು ಕಲಿತೆ. ನೀವು ಬಿಟ್ಟುಹೋದ ಡಾಟ್ಸನ್ನಿನ ಗೇರು ಈಗ ನನ್ನ ಮಾತು ಕೇಳುತ್ತದೆ. ಗೇಟಿನಲ್ಲಿ ಕಾರಿನ ಸದ್ದು ಕೇಳಿದರೆ ಕರಂಗಾ ತಲೆ ಎತ್ತುತ್ತದೆ. ಇಂಥ ಮುದಿ ಪ್ರಾಣಿಯನ್ನು ಬಿಟ್ಟು ಮೈಸೂರಿನಲ್ಲಿ ಕುಳಿತು ಕಾಫಿ ಕುಡಿಯಲು ನನ್ನಿಂದಾಗದು. ಆಪರೇಷನ್ ಸರಿಹೋದರೆ ಇನ್ನೂ ನಾಲ್ಕೈದು ವರ್ಷ ಬದುಕುತ್ತದೆ ಎಂದಿದ್ದಾರೆ ಡಾಕ್ಟರ್ ಜೋಸೆಫ್. ಅಷ್ಟು ದಿನ ನಾನು ಇಲ್ಲಿರಲೇಬೇಕು, ಬೇರೆ ದಾರಿಯಿಲ್ಲ. ದಯವಿಟ್ಟು ಹೆಲನ್‌ಗೆ ಇನ್ನು ಏನೂ ಬರೆಯಬೇಡಿ.

ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ.

ಇತಿ,
ನಿಮ್ಮ ಹೆಂಡತಿ, ಕರಂಗಾನ ಒಡತಿ
ಜಯಲಕ್ಷ್ಮಿ

ತಾ.ಕ. ಗುರುವಾರ, ಮಾರ್ಚ್ 18. ಮೇಲಿನದನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ಮಂಗಳವಾರ ಲಾಯದ ಪಕ್ಕದ ಹುಲ್ಲಿನ ಮೇಲೆ ಕರಂಗಾನನ್ನು ಮಲಗಿಸಿ ಕಣ್ಣು ತೆಗೆಯತೊಡಗಿದರು. ಅರ್ಧದಲ್ಲೇ ಡಾಕ್ಟರ್ ಜೋಸೆಫ್ ಕೈ ನಿಲ್ಲಿಸಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಗಡ್ಡೆ ಮೂಳೆಗೆ ಇಳಿದಿತ್ತು. ಎಬ್ಬಿಸಿದರೆ ಒಂದೆರಡು ತಿಂಗಳು, ಅದೂ ನೋವಿನಲ್ಲಿ, ನೀವೇ ಹೇಳಬೇಕು ಎಂದರು. ನಾನು ನೋಡಿದೆ. ಎಬ್ಬಿಸಬೇಡಿ ಎಂದೆ. ಪೀಟರ್ ತಲೆ ಹಿಡಿದುಕೊಂಡಿದ್ದ, ನಾನು ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಬಹಳ ಹೊತ್ತು ಹಿಡಿಯಲಿಲ್ಲ. ಮನೆಗೆ ಬಂದು ತುಂಬಾ ಅತ್ತೆ.

ಆ ಐದು ವಾರದಲ್ಲಿ ಇಳಿಯಿತೋ, ಮೊದಲೇ ಇಳಿದಿತ್ತೋ, ನಾನು ಕೇಳಲಿಲ್ಲ. ಕಾಯಬೇಕಾಗಿ ಬಂದದ್ದು ನಾನು ಕೊಟ್ಟ ಚೀಟಿಯಿಂದ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಕೊನೆಗೆ ನಾನು ಹೇಳಿದ್ದೇ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗಲಿಲ್ಲ. ನೀವು ನೋಡದೆ ಹೇಳಿದಿರಿ, ನಾನು ನೋಡಿ ಹೇಳಿದೆ.

ನಿನ್ನೆ ಈ ಪತ್ರ ಹರಿದು, ಆಪರೇಷನ್ ಚೆನ್ನಾಗಿ ಆಯಿತು, ಕುದುರೆ ಹುಲ್ಲು ಮೇಯುತ್ತಿದೆ ಎಂದು ಬೇರೊಂದು ಬರೆಯಲು ಕುಳಿತೆ. ನಿಮಗೆ ಗೊತ್ತಾಗುವುದಾದರೂ ಹೇಗೆ, ನಾಲ್ಕೈದು ವರ್ಷ ಹಾಗೇ ನಡೆಸಬಹುದಿತ್ತು. ಅರ್ಧ ಪುಟ ಬರೆದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನೆಪವಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಆದರೂ ಹೊಡೆದುಹಾಕಿಲ್ಲ, ಓದಿಕೊಳ್ಳಿ. ನೀವು ಕೇಳಿದ್ದಕ್ಕೆ ನಾನು ಐದು ವರ್ಷ ಒಂದು ಕುದುರೆಯಿಂದ ಉತ್ತರ ಹೇಳಿಸಿದೆ. ಕರಂಗಾ ಈಗ ಇಲ್ಲ. ನಾನು ಬರುವುದಿಲ್ಲ.