ಗೋರಿಹೂವಿನ ಕಾಯಿ

ಮನಿಲಾ, ಅಕ್ಟೋಬರ್

ಪ್ರೀತಿಯ ತಂಗಿ ಪ್ರಿಮಿತಿವಾಗೆ,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರು, ಈಗ ಚೆನ್ನಾಗಿ ಕಾಣುತ್ತದೆ. ನಿನ್ನೆ ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಮ್ಮ ಗೋರಿಹೂವಿನ ರೆಂಬೆಯನ್ನು ಒಣಗಿಸಿ ಗಾಜಿನ ಕೆಳಗೆ ಇಟ್ಟಿದ್ದನ್ನು ಕಂಡೆ. ‘ಸಿಬುಯಾನ್ ದ್ವೀಪದಲ್ಲಿ ಹೊಸದಾಗಿ ಪತ್ತೆಯಾದ ಪೊದೆ’ ಎಂದು ಬರೆದಿದ್ದಾರೆ! ಮೈ ಉರಿಯಿತು. ಸತ್ತವರ ಹಬ್ಬದ ಹಿಂದಿನ ದಿನ ಅಮ್ಮ ನಮ್ಮಿಬ್ಬರನ್ನೂ ಗುಡ್ಡ ಹತ್ತಿಸುತ್ತಿದ್ದಳು. ಇಳಿಜಾರೆಲ್ಲ ಕೆಂಪಗಿರುತ್ತಿತ್ತು. ಊರಿನವರೆಲ್ಲ ಸೇರಿ ಒಂದು ಮೊಗ್ಗನ್ನೂ ಬಿಡದೆ ಕಿತ್ತು ಗೋರಿಗಳಿಗೆ ಹೊದಿಸುತ್ತಿದ್ದೆವು. ಅದು ಇವರಿಗೆ ಹೊಸದು!

ಅಲ್ಲಿನ ಸಸ್ಯತಜ್ಞೆ ಮಗ್ಬನುವಾಳನ್ನು ತರಾಟೆಗೆ ತೆಗೆದುಕೊಂಡೆ. ಅವಳು ನಕ್ಕಳು. “ಬೈಯಿರಿ ತಾತ, ಆದ್ರೆ ಒಂದು ಹೇಳಿ. ಇದರ ಕಾಯಿ ಹೇಗಿರತ್ತೆ? ವರ್ಷಗಟ್ಟಲೆ ಹುಡುಕಿದ್ರೂ ನಮಗೆ ಒಂದೂ ಸಿಕ್ಕಿಲ್ಲ.”

“ಹೂವೆಲ್ಲ ನಾವೇ ಕಿತ್ಕೊಂಡ್ಮೇಲೆ ಕಾಯಿ ಎಲ್ಲಿಂದ ಬರ್ಬೇಕಮ್ಮ?” ಎಂದೆ.

ಅವಳ ನಗು ನಿಂತಿತು. “ಅದಕ್ಕೇ ಮತ್ತೆ! ಗುಡ್ಡದಲ್ಲಿ ಉಳಿದಿರೋದೆಲ್ಲ ಮುದಿ ಗಿಡಗಳೇ ತಾತ, ಒಂದು ಸಸಿನೂ ಇಲ್ಲ. ಅವು ಹೋದ್ರೆ ಮುಗೀತು.”

ಗುಡ್ಡ ಬೋಳಾಗಿದ್ದಕ್ಕೆ ನಾನು ಇಷ್ಟು ಕಾಲ ಸರ್ಕಾರವನ್ನೇ ಬೈದಿದ್ದೇನೆ.

ಹಬ್ಬಕ್ಕೆ ಮುಂಚೆ ಊರಿನ ಹಡಗು ಹತ್ತಲು ವೈದ್ಯರು ಬಿಡುತ್ತಿಲ್ಲ. ಅಮ್ಮ ಹಿತ್ತಲಿಗೆ ತಂದು ನೆಟ್ಟ ಗಿಡವನ್ನು ನೀನೇ ಕಾಯಬೇಕು. ಈ ಸಲ ಒಂದು ಹೂವನ್ನೂ ಕೀಳಬೇಡ, ಯಾರಿಗೂ ಕೀಳಲು ಬಿಡಬೇಡ. ಅಮ್ಮನ ಗೋರಿಗೆ ಮೇಣದ ಬತ್ತಿ ಮಾತ್ರ ಹಚ್ಚು. ಬರಿಗೋರಿ ನೋಡಿ ಜನ ಆಡಿಕೊಂಡರೆ, ಅಣ್ಣ ಹೇಳಿದ ಅನ್ನು. ಅಮ್ಮನಿಗೂ ಹಾಗೆಯೇ ಹೇಳು.

ಕಾರ್ಡಿನಲ್ಲಿ ಜಾಗವಿಲ್ಲ.
ಎಲ್ಪಿಡಿಯೊ