ಅಂಜೂರದ ಉಸಿರು

ಮಾರ್ಚ್ 3, ಸೋಮವಾರ. ರಾತ್ರಿ 9.40

ಫೋನಲ್ಲಿ ಇವತ್ತೂ 22. ಮಣ್ಣಿನ ತೇವ ಮೂವತ್ತಕ್ಕಿಂತ ಕೆಳಗಿಳಿದ್ರೆ ನೀರು ಹಾಕಬೇಕು. ಅರ್ಧ ಬಕೆಟ್ ಹಾಕಿದೆ.

ಹನ್ನೊಂದಕ್ಕೆ ಬಾಗಿಲು ತೆರೆದ್ರು. ಸಾಲು ಮೆಟ್ಟಿಲವರೆಗೆ. ಗ್ಯಾಲರಿ ಹಾಲಿನ ನಡುವೆ ತೊಟ್ಟಿಯಲ್ಲಿ ನನ್ನ ಅಂಜೂರ, ಎಲೆಗಳಿಗೆ ಹನ್ನೆರಡು ಸೆನ್ಸರ್, ಮಣ್ಣಿಗೊಂದು ಸೆನ್ಸರ್ ಕಡ್ಡಿ, ಮೂರು ಗೋಡೆಗೂ ಸ್ಕ್ರೀನ್. ಎಲೆ ಉಸಿರಾಡಿದ ಹಾಗೆ ಗೋಡೆ ಮೇಲೆ ಬೆಳಕಿನ ಕಾಡು ಹಿಗ್ಗುತ್ತೆ, ಕುಗ್ಗುತ್ತೆ. ಎಂಟು ವರ್ಷದ ಕನಸು.

ಒಬ್ಬ ಹೆಂಗಸು ಅತ್ತೇಬಿಟ್ಟಳು. "ಗಿಡದ ಜೊತೆ ಮಾತಾಡಿದ ಹಾಗಾಯ್ತು" ಅಂದಳು. ಗಿಡಕ್ಕೆ ಬೆನ್ನು ಹಾಕಿ ನಿಂತಿದ್ದಳು.

ಮಾರ್ಚ್ 6, ಗುರುವಾರ

19. ಒಂದು ಬಕೆಟ್ ಪೂರ್ತಿ.

ಐದು ಎಲೆ ಉದುರಿದೆ. ಡೈರೆಕ್ಟರ್ ಹತ್ರ ಹೋಗಿ ಕೇಳಿದೆ — ಚಾವಣಿ ಗಾಜಿನ ಮೇಲೆ ಹಾಕಿರೋ ಕಪ್ಪು ಬಟ್ಟೆ ತೆಗೆಸಿ ಮೇಡಂ, ಬಿಸಿಲು ಬೇಕು.

"ಬಿಸಿಲು ಬಿದ್ರೆ ಸ್ಕ್ರೀನ್ ಕಾಣುತ್ತಾ? ಜನ ಬರೋದು ಏನಕ್ಕೆ?"

"ಗಿಡ ನೋಡೋಕೆ."

ನಕ್ಕರು. "ಗಿಡ ಪಾರ್ಕಲ್ಲೂ ಇರುತ್ತಮ್ಮ."

ಸಂಜೆ ಮಾಲಿಯಣ್ಣನ ಫೋನ್. ಅವರು ಕೆಲಸ ಮಾಡ್ತಿದ್ದ ಸ್ಕೂಲ್ ಕಟ್ಟಡ ಕೆಡವೋ ಮುಂಚೆ ಎರಡು ದಿನ ಕೂತು ಈ ಗಿಡಾನ ಬೇರಿನ ಸಮೇತ ಬಿಡಿಸಿ ಕೊಟ್ಟಿದ್ದರು. ಒಂದೇ ಮಾತು ತಗೊಂಡಿದ್ದರು: ಶೋ ಮುಗಿದ ಮೇಲೆ ನೆಲಕ್ಕೆ ಹಾಕಬೇಕು. ಹೆಂಡತಿ ಬಸುರಿ ಇದ್ದಾಗ ನೆಟ್ಟ ಕಡ್ಡಿಯಂತೆ ಅದು.

"ಹೇಗಿದ್ದಾಳೆ ನಮ್ಮ ಅಂಜೂರ?"

"ಚೆನ್ನಾಗಿದ್ದಾಳೆ ಅಣ್ಣ."

ಎಷ್ಟು ಸಲೀಸಾಗಿ ಬಂತು ಸುಳ್ಳು.

ಮಾರ್ಚ್ 9, ಭಾನುವಾರ

ತಿಂಡಿ ತಿನ್ನೋವಾಗ ಏಳು ಸಲ ಫೋನ್ ನೋಡಿದೆನಂತೆ. ಅಕ್ಕ ಎಣಿಸಿದ್ದಾಳೆ. ಮೆಡಿಕಲ್ ಸ್ಟೋರಲ್ಲಿ ದಿನಾ ಮಾತ್ರೆ ಎಣಿಸೋ ಕೈ ಅಲ್ವಾ.

"ಏನೇ, ಗಿಡಕ್ಕೆ ಜ್ವರಾನಾ? ಪ್ಯಾರಸಿಟಮಾಲ್ ಕೊಡ್ಲಾ?"

ನಗು ಬರಲಿಲ್ಲ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಗೋಡೆ ಮೇಲಿನ ಕಾಡು ಮಂಕಾಗಿದೆ. ಜನ ಎರಡೇ ನಿಮಿಷಕ್ಕೆ ಹೊರಗೆ.

ವೈರ್ ಬಂದ. ನಮ್ಮ ಪ್ರೋಗ್ರಾಮರ್ — ಸಣ್ಣಕ್ಕೆ ಉದ್ದಕ್ಕೆ ಇದ್ದಾನೆ ಅಂತ ಎಲ್ಲರೂ ಹಾಗೇ ಕರೀತಾರೆ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮೆಲ್ಲಗೆ ಅಂದ, "ಮೊದಲ ವಾರದ ರೆಕಾರ್ಡಿಂಗ್ ಇದೆ. ಅದನ್ನೇ ಓಡಿಸಿದ್ರೆ? ಯಾರಿಗೂ ಗೊತ್ತಾಗಲ್ಲ."

"ಅದು ಮೋಸ ಕಣೋ."

"ಎರಡು ದಿನ ಅಷ್ಟೇ. ಗಿಡ ಚೇತರಿಸಿಕೊಳ್ಳಲಿ."

ಹೂಂ ಅಂದೆ. ನಾನೇ ಅಂದೆ. ಅವನ ಮೇಲೆ ಹಾಕೋ ಹಾಗಿಲ್ಲ.

ಮಾರ್ಚ್ 18, ಮಂಗಳವಾರ

ಎಂಟು ದಿನ ಆಯ್ತು. ಯಾರಿಗೂ ಗೊತ್ತಾಗಿಲ್ಲ. ಯಾರಿಗೂ!

ಗಿಡದಲ್ಲಿ ಉಳಿದಿರೋದು ನಾಲ್ಕು ಎಲೆ. ಗೋಡೆ ತುಂಬಾ ಕಾಡು. ಪೇಪರಲ್ಲಿ ದೊಡ್ಡದಾಗಿ ಬಂದಿದೆ, "ನಿಸರ್ಗದ ನಾಡಿ ಹಿಡಿದ ಕಲಾವಿದೆ". ಡೈರೆಕ್ಟರ್ ಶೋ ಒಂದು ತಿಂಗಳು ಮುಂದುವರಿಸಿದ್ದಾರೆ. ಕೈ ಕುಲುಕಿದರು.

21. ಎರಡು ಬಕೆಟ್ ಹಾಕಿದೆ. ಇನ್ನೇನು ಮಾಡಲಿ... ಬಾಯಿ ಬಿಟ್ಟು ಹೇಳೇ ಅಂತ ಗಿಡದ ಮುಂದೆ ಕೂತು ಬೇಡಿಕೊಂಡೆ. ಹಿಂದೆ ಯಾರೋ ವಿಡಿಯೋ ಮಾಡ್ತಿದ್ದರು.

ಮಾರ್ಚ್ 21, ಶುಕ್ರವಾರ

ಬರೆಯೋಕೆ ಆಗ್ತಿಲ್ಲ. ಆದ್ರೂ.

ಮಾಲಿಯಣ್ಣ ಬಂದಿದ್ದರು. ಹೇಳದೆ ಕೇಳದೆ. ಇಸ್ತ್ರಿ ಮಾಡಿದ ಶರ್ಟು. ಎಲ್ಲರೂ ಗೋಡೆ ನೋಡ್ತಿದ್ರೆ ಅವರು ನೇರ ತೊಟ್ಟಿ ಹತ್ರ ಹೋದರು. ಕಾಂಡವನ್ನ ಉಗುರಲ್ಲಿ ಕೆರೆದರು. ಹಸಿರು ಇರಬೇಕಾದ ಕಡೆ ಕಂದು.

"ದಿನಾ ನೀರು ಹಾಕ್ತಿದ್ದೆ ಅಣ್ಣ. ಒಣಗಿದೆ ಅಂತಾನೇ ತೋರಿಸ್ತಿತ್ತು."

"ಯಾರು ತೋರಿಸಿದ್ದು?"

ಫೋನ್ ಹಿಡಿದೆ. 20.

ಅವರು ಫೋನ್ ನೋಡಲೇ ಇಲ್ಲ. ತೊಟ್ಟಿಯೊಳಗೆ ಬೆರಳು ಇಳಿಸಿ, ತೆಗೆದು, ನನ್ನ ಮೂಗಿನ ಹತ್ರ ತಂದರು. ಕೊಳೆತ ನಾತ. ಕೆಸರು. ಮಣ್ಣಿನ ಸೆನ್ಸರ್ ಕಡ್ಡಿ ಯಾವಾಗಲೋ ತೊಟ್ಟಿ ಅಂಚಿಗೆ ಸರಿದು ಮಣ್ಣು ತಾಗದ ಸಂದಿಯಲ್ಲಿ ನಿಂತಿತ್ತು. ಅಳೀತಿದ್ದದ್ದು ಗಾಳೀನ. ನಾನು ಗಿಡವನ್ನ ಮುಳುಗಿಸಿ ಕೊಂದಿದ್ದೆ.

"ಒಂದ್ಸಲನಾದ್ರೂ ಕೈ ಹಾಕಿ ನೋಡಿದ್ಯಾ ತಾಯಿ?"

ಇಲ್ಲ. ಒಂದ್ಸಲವೂ ಇಲ್ಲ. ಗೋಡೆ ಮೇಲೆ ಕಾಡು ಹಿಗ್ಗಿತು, ಒಂದು ಮಗು ಚಪ್ಪಾಳೆ ತಟ್ಟಿತು.

ಬೈದಿದ್ರೆ ಚೆನ್ನಾಗಿತ್ತು. ಬೆರಳು ಶರ್ಟಿಗೆ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮಾರ್ಚ್ 22, ಶನಿವಾರ

ಸ್ಕ್ರೀನ್ ಆಫ್ ಮಾಡಿಸಿ ಮೈಕ್ ತಗೊಂಡೆ. ಹಾಲ್ ತುಂಬಿತ್ತು. ಎಲ್ಲಾ ಹೇಳಿದೆ — ಇದು ರೆಕಾರ್ಡಿಂಗ್, ಗಿಡ ಸಾಯ್ತಿದೆ, ಕೊಂದಿದ್ದು ನಾನು.

ಮುಂದೆ ನಿಂತಿದ್ದವರೊಬ್ಬರು ಕೇಳಿದರು, "ಸರಿ ಮೇಡಂ... ಸ್ಕ್ರೀನ್ ಮತ್ತೆ ಯಾವಾಗ ಆನ್ ಆಗುತ್ತೆ? ಮಗು ನೋಡ್ತಾ ಇತ್ತು."

ಉಗಿದಿದ್ರೆ ತಡ್ಕೋತಿದ್ದೆ. ಇದನ್ನ ಹೇಗೆ...

ಡೈರೆಕ್ಟರ್ ಆಫೀಸಿಗೆ ಕರೆದರು. ಗಿಡ ಸೋಮವಾರದೊಳಗೆ ಹೊರಗೆ ಹೋಗಬೇಕು. ಸ್ಕ್ರೀನ್ ಮುಂದುವರಿಯುತ್ತೆ, ಕಾಂಟ್ರ್ಯಾಕ್ಟ್ ಇದೆ. "ಬೋರ್ಡಲ್ಲಿ ನಿಮ್ಮ ಹೆಸರು ಇರಲಾ, ತೆಗೀಲಾ?"

"ತೆಗೀರಿ."

ಮಾರ್ಚ್ 24, ಸೋಮವಾರ

ವೈರ್, ಮಾಲಿಯಣ್ಣ, ನಾನು. ಕೈಗಾಡಿಯಲ್ಲಿ ತಳ್ಳಿಕೊಂಡು ನಮ್ಮ ಮನೆ ಹಿಂದಿನ ಅಂಗಳಕ್ಕೆ ತಂದ್ವಿ. ದಾರೀಲಿ ವೈರ್ ಒಂದ್ಸಲ ಮೂಗು ಒರೆಸಿಕೊಂಡ.

ಮಾಲಿಯಣ್ಣ ಬೇರು ತೊಳೆದರು. ಕಪ್ಪಗಿದ್ದದ್ದನ್ನೆಲ್ಲ ಕತ್ತರಿಸ್ತಾ ಹೋದರು. ಕತ್ತರಿಸಿದಷ್ಟೂ ಕಪ್ಪು. ಕೊನೆಗೆ ಒಂದೇ ಒಂದು ಬೇರು ಬೆಳ್ಳಗೆ ಕಂಡಿತು, ಕಿರುಬೆರಳಿನ ದಪ್ಪ. ಕಾಂಡ ಎರಡು ಗೇಣಿಗೆ ಮೊಟಕು ಮಾಡಿ ಮರಳು ಬೆರೆಸಿದ ಮಣ್ಣಲ್ಲಿ ನಿಲ್ಲಿಸಿದರು.

"ಬದುಕುತ್ತಾ ಅಣ್ಣ?"

"ನನ್ನ ಕೇಳಬೇಡ."

"ನೀರು ಯಾವಾಗ ಹಾಕಲಿ?"

"ಬೆರಳು ಹೇಳುತ್ತೆ."

"ನನಗೆ ಗೊತ್ತಾಗಲ್ಲ ಅಣ್ಣ. ಫೋನ್ ಮಾಡ್ತೀನಿ, ನೀವೇ—"

"ಮಾಡಬೇಡಮ್ಮ. ಫೋನಲ್ಲಿ ಹೇಳೋ ಅಂಥದ್ದಲ್ಲ ಇದು." ಚಪ್ಪಲಿ ಮೆಟ್ಟಿಕೊಂಡು ಹೊರಟರು. ತಿರುಗಿ ನೋಡಲಿಲ್ಲ. ನಾಳೆ ಮಗಳ ಊರಿಗೆ, ಅಲ್ಲೇ ಇರ್ತಾರಂತೆ ಇನ್ಮೇಲೆ.

ಏಪ್ರಿಲ್ 2, ಬುಧವಾರ. ಬೆಳಗ್ಗೆ 7.15

ಚಿಗುರಿಲ್ಲ. ಮೋಟು ನಿಂತ ಹಾಗೇ ನಿಂತಿದೆ. ಬಿಸಿಲು ಈಗಲೇ ಚುರುಕು.

ಅಕ್ಕ ಕಿಟಕಿಯಿಂದ ನೋಡ್ತಿದ್ದಾಳೆ.

ಬೆರಳು ಇಳಿಸಿದೆ. ಮೇಲೆ ಪುಡಿಪುಡಿ. ಒಳಗೆ ತಣ್ಣಗೆ. ಒದ್ದೆಯೋ, ಬರೀ ತಣ್ಣಗೋ? ನಲವತ್ತಮೂರು ವರ್ಷದ ಕೈ, ಇಷ್ಟು ಗೊತ್ತಾಗ್ತಿಲ್ಲ. ಚೊಂಬಲ್ಲಿ ನೀರಿದೆ. ಹಾಕಿದ್ರೆ ಇರೋ ಒಂದು ಬೇರೂ ಕೊಳೆತೀತು. ಹಾಕದಿದ್ರೆ ಒಣಗೀತು. ಕೇಳೋಣ ಅಂದ್ರೆ ಯಾರೂ ಇಲ್ಲ.

ಇನ್ನೊಂದ್ಸಲ ನೋಡ್ತೀನಿ. ಕಾಂಡದ ಪಕ್ಕದಲ್ಲೇ, ಸ್ವಲ್ಪ ಆಳಕ್ಕೆ, ಕಣ್ಣು ಮುಚ್ಚಿಕೊಂಡು—